ಕಾವಕ್ಕನಿಗೆ ಕೊಡಬೇಕಾದ ನೂರ ಮೂವತ್ತೊಂದು ಮರಿ

ನಮ್ಮ ಸಮಿತಿ ಕಾವಕ್ಕನಿಗೆ ನೂರ ಮೂವತ್ತೊಂದು ಕೋಳಿಮರಿ ಕೊಡಬೇಕು. ಇವತ್ತಿಗೂ ಕೊಟ್ಟಿಲ್ಲ. ದುಡ್ಡು ಹಿಡಿದುಕೊಂಡು ಹೋದರೆ ಆಕೆ ಹೊಸ್ತಿಲಲ್ಲೇ ತಡೆದು, "ಅಣ್ಣಾ, ನಾನು ಕಳ್ಕೊಂಡಿದ್ದು ದುಡ್ಡಲ್ಲ, ಮರಿ. ತರೋದಾದ್ರೆ ಮರಿ ತನ್ನಿ. ಇಲ್ಲಾಂದ್ರೆ ಕೂತು ಟೀ ಕುಡ್ಕೊಂಡು ಹೋಗಿ," ಎನ್ನುತ್ತಾಳೆ. ನಾವು ಕೂತು ಟೀ ಕುಡಿದು ಬರುತ್ತೇವೆ. ಬೀದಿಯಲ್ಲಿ ಮೂವತ್ತು ವರ್ಷ ಕೂಗಿದ ಗಂಟಲು ನಮ್ಮದು. ಆದರೂ ಆ ಟೀ ಸಲೀಸಾಗಿ ಇಳಿಯುವುದಿಲ್ಲ.

ಕಾವಕ್ಕ ಅಂದರೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವುದು ಆಕೆಯ ಕಸುಬು, ಹಾಗಾಗಿ ಬೀದಿ ಇಟ್ಟ ಹೆಸರು. ವಯಸ್ಸು ನಲವತ್ತಾರು. ಹನ್ನೊಂದು ವರ್ಷ ಒಂದು ದೊಡ್ಡ ಮರಿ ಕಾರ್ಖಾನೆಯಲ್ಲಿ ಮೊಟ್ಟೆ ಹೊತ್ತಳು. ಅಲ್ಲಿ ಹೆಂಗಸರು ಮೊಟ್ಟೆ ಹೊರಬಹುದಿತ್ತು, ತೊಳೆಯಬಹುದಿತ್ತು, ಯಂತ್ರದ ಗುಂಡಿ ಮಾತ್ರ ಮುಟ್ಟಬಾರದು. ಆಕೆ ಮುಟ್ಟಲಿಲ್ಲ, ನೋಡಿಕೊಂಡಳು. ಕೆಲಸ ಬಿಟ್ಟ ತಿಂಗಳೇ ಗುಜರಿ ಅಂಗಡಿಯಿಂದ ಎರಡು ಹಳೇ ಮರದ ಬೀರು ತಂದು, ಬಲ್ಬು, ಸಣ್ಣ ಫ್ಯಾನು, ನೀರಿನ ತಟ್ಟೆ, ಶಾಖ ನೋಡುವ ಕಡ್ಡಿ ಎಲ್ಲ ಜೋಡಿಸಿ ತಾನೇ ಎರಡು ಕಾವು ಪೆಟ್ಟಿಗೆ ಮಾಡಿಕೊಂಡಳು. ಒಂದೊಂದಕ್ಕೂ ಮುನ್ನೂರು ಮೊಟ್ಟೆ. ಇಪ್ಪತ್ತೊಂದು ದಿನ ಕಾವು. ದಿನಕ್ಕೆ ಮೂರು ಸಲ ಮಗ್ಗುಲು ತಿರುಗಿಸಬೇಕು. ತಿರುಗಿಸಿದ್ದು ಯಾವುದು ಉಳಿದದ್ದು ಯಾವುದು ಎಂದು ಗೊತ್ತಾಗಲು ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ, ಇನ್ನೊಂದಕ್ಕೆ ಸೊನ್ನೆ. ಹದಿನಾಲ್ಕು ವರ್ಷದಿಂದ ಆಕೆಯ ಬಲಗೈ ಹೆಬ್ಬೆರಳಿನ ಮೇಲೆ ಪೆನ್ಸಿಲ್ಲಿನ ಕಪ್ಪು ಹೋಗಿಲ್ಲ.

ಮನೆಗೆ ಎರಡು ಕೋಣೆ. ಹಿಂದಿನದಕ್ಕೆ ತಗಡಿನ ಮಾಡು, ಮಧ್ಯಾಹ್ನ ಬಾಣಲೆಯಂತೆ ಕಾಯುತ್ತದೆ; ಅಲ್ಲಿ ಮೊಟ್ಟೆ ಇಟ್ಟರೆ ಮರಿಯಾಗುವುದಿಲ್ಲ, ಬೇಯುತ್ತದೆ. ಮುಂದಿನದು ಹಳೇ ಕಾಲದ ಮೊಳ ದಪ್ಪದ ಗೋಡೆಯ ಕೋಣೆ. ಹಗಲೂ ರಾತ್ರಿಯೂ ಒಂದೇ ಹದ. ಪೆಟ್ಟಿಗೆಗಳು ಇರುವುದು ಅಲ್ಲಿ. ಆ ಗೋಡೆಯ ಆಚೆ, ಎರಡು ಹೆಜ್ಜೆಗೆ, ರಸ್ತೆ.

ಗೋಡೆಗೆ ಒರಗಿಕೊಂಡು ಅತ್ತೆ ಕೂರುತ್ತಾರೆ. ಎಪ್ಪತ್ತೆಂಟು ವಯಸ್ಸು. ನೂಲಿನ ಗಿರಣಿಯಲ್ಲಿ ದುಡಿದು ಕಿವಿ ಎರಡೂ ಹೋಗಿವೆ, ಬಾಯಿ ಒಂದು ಹೋಗಿಲ್ಲ. ಗಂಡ ಜಲ್ಲಿ ಲಾರಿ ಓಡಿಸುತ್ತಾನೆ. ಇಷ್ಟೇ ಸಂಸಾರ.

ಈಗ ರಸ್ತೆಯ ವಿಷಯ. ಎರಡು ವರ್ಷದ ಹಿಂದೆ ನೀರಿನ ಕೊಳವೆ ಹಾಕಲು ರಸ್ತೆ ಅಗೆದರು. ಕಾವಕ್ಕನ ಬಾಗಿಲಿನ ಮುಂದೆ ಈ ಕಡೆಯಿಂದ ಆ ಕಡೆಗೆ, ಆಳು ಮುಳುಗುವಷ್ಟು ಆಳದ ಕಾಲುವೆ. ಕೊಳವೆ ಇಟ್ಟ ಮೇಲೆ ಪದರ ಪದರವಾಗಿ ಮಣ್ಣು ಹಾಕಿ, ನೀರು ಬಿಟ್ಟು, ಪ್ರತಿ ಪದರವನ್ನೂ ಬಡಿದು ಗಟ್ಟಿಯಾಗಿ ದಮ್ಮಸ್ಸು ಮಾಡಬೇಕು. ಗುತ್ತಿಗೆದಾರನ ಆಳುಗಳು ಅಗೆದ ಮಣ್ಣನ್ನೇ ಒಂದೇ ಸಲಕ್ಕೆ ತಳ್ಳಿ, ಮೇಲೆ ಬೆರಳು ದಪ್ಪ ಡಾಂಬರು ಬಳಿದು ಹೋದರು. ಮೊದಲ ಮಳೆಗೆ ಕುಸಿಯಿತು. ಕುಸಿದದ್ದಕ್ಕೆ ತೇಪೆ, ತೇಪೆಯ ಮೇಲೆ ತೇಪೆ. ಈಗ ಅಲ್ಲಿ ಒಂದು ದಿಬ್ಬ, ದಿಬ್ಬದ ಬೆನ್ನಿಗೇ ಒಂದು ತಗ್ಗು. ತುಂಬಿದ ಲಾರಿಯ ಮುಂದಿನ ಚಕ್ರ ದಿಬ್ಬ ಹತ್ತಿ ತಗ್ಗಿಗೆ ಬಿದ್ದಾಗ ನೆಲ ಒಮ್ಮೆ ಗುದ್ದುತ್ತದೆ. ಹಿಂದಿನ ಚಕ್ರ ಬಿದ್ದಾಗ ಇನ್ನೊಮ್ಮೆ. ಲಾರಿಯ ಹಿಂಬಾಗಿಲಿನ ಕಬ್ಬಿಣದ ಸರಪಳಿ ಬಡಿದು ಧಡಾರ್ ಎನ್ನುತ್ತದೆ. ದಿನಕ್ಕೆ ಎಂಬತ್ತು ತೊಂಬತ್ತು ಲಾರಿ.

ಕಾವು ಕೂತ ಮೊದಲ ವಾರ ಮೊಟ್ಟೆಯೊಳಗೆ ಇರುವುದು ಕೂದಲೆಳೆಯಂಥ ರಕ್ತನಾಳ, ಸಾಸಿವೆಯಷ್ಟು ಜೀವ. ಜೋರಾಗಿ ಅದುರಿದರೆ ನಾಳ ಹರಿಯುತ್ತದೆ. ಜೀವ ನಿಲ್ಲುತ್ತದೆ. ಹೊರಗಿನಿಂದ ಮೊಟ್ಟೆ ಮೊಟ್ಟೆಯಂತೆಯೇ ಇರುತ್ತದೆ.

ನೂರಕ್ಕೆ ಎಂಬತ್ತೈದು ಮರಿ ತೆಗೆಯುತ್ತಿದ್ದವಳಿಗೆ ಎಪ್ಪತ್ತಾಯಿತು, ಅರವತ್ತಾಯಿತು, ಐವತ್ತಕ್ಕೆ ಬಂತು. ಮೊದಲು ಮೊಟ್ಟೆ ಕೊಡುವವನ ಮೇಲೆ ಹರಿಹಾಯ್ದಳು. ಅವನು ತನ್ನ ಹುಂಜಗಳ ಗಂಡಸುತನದ ಬಗ್ಗೆ ಆಣೆ ಇಟ್ಟು ಹೋದ. ಬಲ್ಬು ಬದಲಾಯಿಸಿದಳು, ಫ್ಯಾನು ಬದಲಾಯಿಸಿದಳು. ಮರಿ ಕೊಳ್ಳುವವರು, "ಅಕ್ಕಾ, ವಯಸ್ಸಾಯ್ತು, ಕೈಗುಣ ಹೋಯ್ತು" ಎಂದು ಬೆನ್ನ ಹಿಂದೆ ಆಡಿಕೊಂಡರು. ಅದು ಆಕೆಗೆ ತಾಗಿತು.

ಕಾರಣ ಹೇಳಿದ್ದು ಕಿವುಡಿ ಅತ್ತೆ.

"ಏ ಹುಡುಗಿ," ಎಂದರಂತೆ ಒಂದು ಬೆಳಗ್ಗೆ. ನಲವತ್ತಾರರ ಸೊಸೆ ಅವರಿಗೆ ಇನ್ನೂ ಹುಡುಗಿ. "ಈಗ ಹೋಗಿದ್ದು ಹತ್ತು ಚಕ್ರದ್ದು. ಅದಕ್ಕಿಂತ ಮುಂಚೆ ಆರು ಚಕ್ರದ್ದು, ಖಾಲಿ."

"ನಿಮಗೆ ಕೇಳುತ್ತಾ ಅತ್ತೆ?" ಸೊಸೆ ಕೈಸನ್ನೆಯಲ್ಲಿ ಕೇಳಿದಳು.

"ಕಿವಿಗೆಲ್ಲಿ ಕೇಳ್ಬೇಕು? ಬೆನ್ನಿಗೆ. ಗೋಡೆ ಗುದ್ದುತ್ತೆ ಕಣೇ. ನಿನ್ನ ಮಾವನೂ ಯಾವತ್ತೂ ಹಿಂಗೆ ಗುದ್ದಿರಲಿಲ್ಲ."

ಕಾವಕ್ಕ ಒಂದು ಬಟ್ಟಲು ನೀರು ತುಂಬಿ ಪೆಟ್ಟಿಗೆಯ ಮೇಲಿಟ್ಟು ಕೂತಳು. ಲಾರಿ ಬಂತು. ನೀರಿನ ಮೇಲೆ ಉಂಗುರ ಎದ್ದವು. ಇನ್ನೊಂದು ಬಂತು. ಬಟ್ಟಲೇ ಒಂದು ಕೂದಲಷ್ಟು ಜರುಗಿತು. ಸಂಜೆಯ ಹೊತ್ತಿಗೆ ನಾಲ್ಕು ಬೆರಳು ಜರುಗಿ ಅಂಚಿಗೆ ಬಂದಿತ್ತು. ಆಮೇಲೆ ಎದ್ದು ಗೋಡೆ ನೋಡಿದಳು. ಮೂಲೆಯಲ್ಲಿ ಮೇಲಿನಿಂದ ಕೆಳಗೆ ಕಡ್ಡಿ ತೂರುವಷ್ಟು ಬಿರುಕು. ಹದಿನಾಲ್ಕು ವರ್ಷ ಮೊಟ್ಟೆ ನೋಡುತ್ತ ಕೂತವಳು ಗೋಡೆ ನೋಡಿರಲಿಲ್ಲ.

ರಸ್ತೆಯ ಗುದ್ದಿಗೆ ಮೊಟ್ಟೆ ಸಾಯುತ್ತಿವೆ, ಗೋಡೆ ಬಿರಿದಿದೆ ಎಂದು ಅರ್ಜಿ ಬರೆದುಕೊಂಡು ನಗರಸಭೆಯ ಕಚೇರಿಗೆ ಹೋದಳು. ಅರ್ಜಿ ತೆಗೆದುಕೊಂಡ ಗುಮಾಸ್ತ ಓದಿ ನಕ್ಕ. "ಏನಮ್ಮಾ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಮೊಟ್ಟೆ ಮರಿಯಾಗದಿದ್ರೆ ರಸ್ತೆ ಏನ್ ಮಾಡುತ್ತೆ?"

"ನೆಲ ಡೊಂಕೇ ಇದೆ ಸ್ವಾಮಿ. ನೀವೇ ಬಂದು ಒಂದ್ಸಲ ಕುಣಿದು ನೋಡಿ," ಎಂದು ಬಂದಳು.

ಹದಿನೈದು ದಿನಕ್ಕೆ ಉತ್ತರ ಬಂತು. ಬಾಗಿಲಿಗೆ ಅಂಟಿಸಿ ಹೋಗಿದ್ದರು. ಗೋಡೆಯಲ್ಲಿ ಬಿರುಕು ಇದೆಯೆಂದು ಮನೆಯವರೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ, ಕಟ್ಟಡ ಹಳೆಯದಾಗಿ ಅಪಾಯಕಾರಿ ಎಂದು ಕಾಣುವುದರಿಂದ, ಮೂವತ್ತು ದಿನದೊಳಗೆ ಖಾಲಿ ಮಾಡಬೇಕು. ತಪ್ಪಿದರೆ ಕಚೇರಿಯೇ ಕೆಡವುತ್ತದೆ. ಕೆಡವಿದ ಖರ್ಚು ಮನೆಯವರದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆವು. ಇಲ್ಲಿ ಎತ್ತಿಗೆ ಜ್ವರ ಬಂದಿದೆ ಎಂದು ಬಂದು ಹೇಳಿದ ಎಮ್ಮೆಗೇ ಬರೆ.

ಆಕೆ ಅಕ್ಕಪಕ್ಕದವರ ಮನೆಗೆ ಹೋದಳು. ಆ ಸಾಲಿನಲ್ಲಿ ಮೂವತ್ತೊಂದು ಮನೆ. ಎಲ್ಲರಿಗೂ ಅದೇ ಲಾರಿ, ಅದೇ ಗುದ್ದು. ಒಬ್ಬರೂ ಬಿರುಕು ಇದೆ ಅನ್ನಲಿಲ್ಲ. ಪಕ್ಕದ ದರ್ಜಿಯ ಮನೆಯಲ್ಲಿ ಕ್ಯಾಲೆಂಡರ್ ಮೊಣಕಾಲಿನ ಮಟ್ಟದಲ್ಲಿ ನೇತುಹಾಕಿತ್ತು.

"ಇದೇನು, ತಾರೀಕು ಬೆಕ್ಕು ನೋಡುತ್ತಾ?" ಎಂದು ಕಾವಕ್ಕ ಕೇಳಿದಳು.

ದರ್ಜಿಯ ಹೆಂಡತಿ ಮುಖ ತಿರುಗಿಸಿದಳು. "ನಿನ್ನ ಬಾಗಿಲಿಗೆ ಅಂಟಿಸಿದ್ದು ನಮ್ಮ ಬಾಗಿಲಿಗೂ ಅಂಟಿಸ್ಲಾ ಅಕ್ಕಾ? ನಮಗೆ ಮಕ್ಕಳಿದಾವೆ. ಸುಮ್ನೆ ಹೋಗು."

ನೋಟೀಸು ಅಂಟಿಸಿದ ಹನ್ನೆರಡನೇ ದಿನ ಆಕೆ ನಮ್ಮ ಹತ್ತಿರ ಬಂದಳು. ನಮ್ಮದು ಬೀದಿ ಸಮಿತಿ. ನೀರು, ದೀಪ, ಚರಂಡಿ, ಯಾವುದಕ್ಕೂ ನಮಗೆ ಗೊತ್ತಿರುವುದು ಒಂದೇ ಮದ್ದು: ರಸ್ತೆಯಲ್ಲಿ ಕೂರುವುದು. ಆ ಮದ್ದಿನಿಂದ ಎಷ್ಟೋ ಸಲ ರೋಗ ವಾಸಿಯಾಗಿದೆ, ಸುಳ್ಳು ಹೇಳುವುದಿಲ್ಲ. ಕಚೇರಿಗೆ ಹತ್ತು ಜನ ನುಗ್ಗಿದೆವು. ದೊಡ್ಡ ಇಂಜಿನಿಯರ್ ಒಪ್ಪಿದರು: ಹದಿನೆಂಟನೇ ದಿನ ತಾವೇ ಬಂದು, ನೆಲದ ಅದುರು ಅಳೆಯುವ ಯಂತ್ರ ಇಟ್ಟು ನೋಡುತ್ತೇವೆ; ಅದುರು ಹೆಚ್ಚಿದ್ದರೆ ತಪ್ಪು ರಸ್ತೆಯದು, ಇಲ್ಲದಿದ್ದರೆ ಮನೆಯದು.

ಇಂಜಿನಿಯರ್ ಬರುವ ದಿನ ನಮ್ಮ ಬಲ ತೋರಿಸಬೇಡವೇ? ಇನ್ನೂರು ಜನ ಸೇರಿಸುವುದು, ಆ ಮುಚ್ಚಿದ ಕಾಲುವೆಯ ಮೇಲೇ ಕೂರುವುದು ಎಂದು ತೀರ್ಮಾನಿಸಿದೆವು. ಕಾವಕ್ಕ ಒಂದು ಮಾತು ಕೇಳಿದಳು. "ಎಷ್ಟು ಹೊತ್ತು ಕೂರ್ತೀರಿ ಅಣ್ಣಾ?" ನಾನು, "ಅದೆಲ್ಲ ನಮಗೆ ಬಿಡಿ ಅಕ್ಕಾ, ನಮಗೆ ಇದು ಮೊದಲ ಸಲ ಅಲ್ಲ," ಎಂದೆ. ಆಕೆ ಏನೋ ಹೇಳಲು ಬಾಯಿ ತೆರೆದಳು. ಆಗಲೇ ಯಾರೋ ಬ್ಯಾನರಿನ ಅಳತೆ ಕೇಳಿದರು.

ಆ ದಿನ ಹತ್ತು ಗಂಟೆಗೆ ಕೂತೆವು. ಇನ್ನೂರ ಮೂವತ್ತು ಜನ. ಎರಡೂ ಕಡೆ ಲಾರಿ ಸಾಲುಗಟ್ಟಿ ನಿಂತವು. ಹತ್ತೂವರೆಗೆ ಇಂಜಿನಿಯರ್ ಜೀಪು ಬಂತು. ಘೋಷಣೆ ಮುಗಿಲು ಮುಟ್ಟಿತು. ಅವರು ತಲೆ ತಗ್ಗಿಸಿಕೊಂಡು ಒಳಗೆ ಹೋದರು. ನಾನು ಮೈಕು ಹಿಡಿದೆ.

ಒಳಗಿನದನ್ನು ಕಾವಕ್ಕ ಆಮೇಲೆ ಹೇಳಿದ್ದು. ಊಟದ ಡಬ್ಬಿಯಷ್ಟು ಯಂತ್ರವನ್ನು ಗೋಡೆಯ ಬುಡದಲ್ಲಿ ಇಟ್ಟರು. ಅದರ ಮುಳ್ಳು ಅಲ್ಲಾಡಲಿಲ್ಲ. ಹೇಗೆ ಅಲ್ಲಾಡಬೇಕು? ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ.

"ಸಾಹೇಬ್ರೇ, ಸ್ವಲ್ಪ ತಡೀರಿ. ಅವರು ಎದ್ದ ಮೇಲೆ ನೋಡಿ."

"ನೋಡಮ್ಮಾ, ನನಗೆ ಅರ್ಧ ಗಂಟೆ ಇದೆ. ಹನ್ನೊಂದೂವರೆಗೆ ಇನ್ನೊಂದು ಕಡೆ ಇರಬೇಕು."

ಆಕೆ ಹೊರಗೆ ಓಡಿ ಬಂದಳು. ಜನರ ಮೇಲೆ ಹಾದು ಬಂದು ನನ್ನ ತೋಳು ಹಿಡಿದು ಎಳೆದಳು. "ಏಳಿಸಿ! ಎಲ್ಲರನ್ನೂ ಏಳಿಸಿ! ಲಾರಿ ಬಿಡಿ!"

ಎರಡು ಧ್ವನಿವರ್ಧಕದ ಮಧ್ಯೆ ನನಗೆ ಏನೂ ಕೇಳಲಿಲ್ಲ. ಆವೇಶದಲ್ಲಿ ಬಂದಿದ್ದಾಳೆ ಅಂದುಕೊಂಡೆ. ಮೈಕಿನಲ್ಲೇ, "ನೋಡಿ, ನಮ್ಮ ತಾಯಂದಿರ ಕಿಚ್ಚು ನೋಡಿ!" ಎಂದೆ. ಜನ ಚಪ್ಪಾಳೆ ತಟ್ಟಿದರು. ಆಕೆ ನನ್ನ ಮುಖ ನೋಡಿದ ರೀತಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೈಕು ಕಿತ್ತುಕೊಂಡಳು. "ಎದ್ದೇಳ್ರೋ!" ಎಂದಳು. ಜನ ಅದನ್ನೂ ಘೋಷಣೆ ಎಂದುಕೊಂಡು, "ಎದ್ದೇಳ್ರೋ!" ಎಂದು ಕೂತಲ್ಲೇ ಕೂಗಿದರು.

ಅರ್ಥವಾಗಿ ಎಲ್ಲರೂ ಏಳುವಷ್ಟರಲ್ಲಿ ಜೀಪು ತಿರುವಿನಲ್ಲಿ ಮರೆಯಾಗಿತ್ತು. ವರದಿಯಲ್ಲಿ ಬರೆದಿದ್ದರು: ಅರ್ಧ ಗಂಟೆ ಅಳೆಯಲಾಯಿತು, ಅದುರು ಕಂಡುಬಂದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದೂವರೆ ಗಂಟೆ ತಡೆದಿದ್ದ ಲಾರಿಗಳು ಒಂದರ ಹಿಂದೆ ಒಂದು, ಕೋಪದಲ್ಲಿ, ಹಾರ್ನ್ ಒತ್ತಿಕೊಂಡು ಬಂದವು. ಇಪ್ಪತ್ತೆರಡು ಲಾರಿ. ಅತ್ತೆ ಬೆನ್ನಿನಲ್ಲಿ ಎಣಿಸಿದ ಲೆಕ್ಕ. ನಡುವೆ ಉಸಿರು ಬಿಡುವಷ್ಟೂ ಬಿಡುವಿಲ್ಲ. ಪೆಟ್ಟಿಗೆಯಲ್ಲಿದ್ದ ಮುನ್ನೂರು ಮೊಟ್ಟೆಗೆ ಅದು ಕಾವಿನ ಮೂರನೇ ದಿನ. ಕಾವಕ್ಕ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದಳು. ಮೈಯಲ್ಲಿ ತಡೆದರೆ ನಿಲ್ಲುವ ಅದುರಲ್ಲ ಅದು. ಬಟ್ಟಲು ಕೆಳಗೆ ಬಿದ್ದು ಚೂರಾಯಿತು.

ಐದನೇ ದಿನ ಬೆಳಕಿಗೆ ಹಿಡಿದು ನೋಡಿದಾಗ ಬಹುಪಾಲು ಮೊಟ್ಟೆಯಲ್ಲಿ ನಾಳ ಇರಲಿಲ್ಲ. ಕೆಂಪು ಉಂಗುರ ಮಾತ್ರ ಇತ್ತು. ಜೀವ ನಿಂತ ಗುರುತು ಅದು. ನಾಳ ಉಳಿದಿದ್ದದ್ದು ಹತ್ತೊಂಬತ್ತರಲ್ಲಿ.

ಲೆಕ್ಕವನ್ನು ಆಕೆಯೇ ಹೇಳಿದಳು. "ಮುನ್ನೂರರಲ್ಲಿ ಅರ್ಧ ರಸ್ತೆ ತಿಂತಿತ್ತು, ಅದು ನಿಮ್ಮ ತಲೆಗೆ ಕಟ್ಟಲ್ಲ. ಉಳೀಬೇಕಿದ್ದಿದ್ದು ನೂರೈವತ್ತು. ಉಳಿದಿದ್ದು ಹತ್ತೊಂಬತ್ತು. ನಿಮ್ಮ ಬಾಕಿ ನೂರ ಮೂವತ್ತೊಂದು." ಅಷ್ಟು ಹೇಳಿ ಇನ್ನೊಂದು ಸೇರಿಸಿದಳು: "ರಸ್ತೆ ಇಷ್ಟು ತಣ್ಣಗಿದ್ದಿದ್ದು ಎರಡು ವರ್ಷದಲ್ಲಿ ಅವತ್ತೊಂದೇ ದಿನ ಅಣ್ಣಾ. ಕೂತಿದ್ದು ನೀವು, ಗೆದ್ದಿದ್ದು ಗುತ್ತಿಗೆದಾರ."

ನೋಟೀಸಿಗೆ ಉಳಿದದ್ದು ಹತ್ತು ದಿನ.

ಆಮೇಲಿನದನ್ನು ನಡೆಸಿದ್ದು ಆಕೆ. ಆಕೆ ಹೇಳಿದ್ದನ್ನು ನಾವು ಹೊತ್ತೆವು. ಒಂದೇ ದಿನದ, ಒಂದೇ ಹಿಂಡಿನ ಇನ್ನೂರು ಮೊಟ್ಟೆ ತರಿಸಿದಳು. ನೂರನ್ನು ರಸ್ತೆ ಬದಿಯ ಪೆಟ್ಟಿಗೆಯಲ್ಲಿ, ಸತ್ತವನ್ನು ತೆಗೆದ ಜಾಗದಲ್ಲಿ ಇಟ್ಟಳು. ಖಾಲಿ ಇದ್ದ ಇನ್ನೊಂದು ಪೆಟ್ಟಿಗೆಯನ್ನು ಮೂರು ಬೀದಿ ಒಳಗೆ, ಇಸ್ತ್ರಿ ಮಾಡುವವಳ ಹಿಂದಿನ ಕೋಣೆಗೆ ಒಯ್ಯಬೇಕಿತ್ತು. ಅಲ್ಲಿ ಲಾರಿ ಹೋಗುವುದಿಲ್ಲ. ಇಸ್ತ್ರಿಯವಳು ಷರತ್ತು ಹಾಕಿದಳು: "ಏಳೇ ದಿನ. ಎಂಟನೇ ದಿನ ನನ್ನ ತಂಗಿ ಬಾಣಂತನಕ್ಕೆ ಬರ್ತಾಳೆ. ಆಮೇಲೆ ಕೋಣೇಲಿ ಒಂದೇ ಮರಿಗೆ ಜಾಗ."

ಪೆಟ್ಟಿಗೆ ಸಾಗಿಸಲು ಕೈಗಾಡಿ ತಂದಿದ್ದೆವು. ಆಕೆ ಗಾಡಿಯನ್ನು ಹಿಂದಕ್ಕೆ ಕಳಿಸಿದಳು. "ಗಾಡಿಗೂ ರಸ್ತೆಗೂ ಆಗ್ಲೇ ಮಾತುಕತೆ ಆಗಿರುತ್ತೆ, ಒಳಗಿನ ಬಲ್ಬು ಕಡ್ಡಿ ಉಳಿಯಲ್ಲ. ಹೆಗಲು ಕೊಡಿ." ಸಮಿತಿಯ ನಾಲ್ಕು ಜನ ಆ ಬೀರುವನ್ನು ಹೆಗಲ ಮೇಲೆ ಹೊತ್ತು ಮೂರು ಬೀದಿ ನಡೆದೆವು. ಎದುರಿಗೆ ಬಂದವನೊಬ್ಬ ಟೋಪಿ ತೆಗೆದು, "ಯಾರು ತೀರ್ಕೊಂಡ್ರು?" ಎಂದ. ಹಿಂದೆ ಮೊಟ್ಟೆಯ ತಟ್ಟೆ ಹಿಡಿದು ಬರುತ್ತಿದ್ದ ಕಾವಕ್ಕ, "ಇನ್ನೂ ಹುಟ್ಟಿಲ್ಲ, ಮುಂದೆ ನಡಿ," ಎಂದಳು.

ಏಳು ದಿನವೂ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಹೋಗಿ ಬಾಗಿಲಿನಲ್ಲಿ ನಿಂತಳು. ನಾವು ಜತೆಗೆ ಬರುತ್ತೇವೆ ಅಂದರೆ, "ನಿಮ್ಮ ಬಾಯಿ ಮನೇಲಿಟ್ಟು ಬರೋದಾದ್ರೆ ಬನ್ನಿ," ಎಂದಳು. ಬಾಯಿ ಮುಚ್ಚಿಕೊಂಡು ನಿಂತೆವು. ಕೆಡವುವ ಮೊದಲು ಇನ್ನೊಂದು ಸಲ ಸ್ಥಳ ನೋಡಲೇಬೇಕೆಂದು ನಿಯಮ ಇತ್ತು. ಇಪ್ಪತ್ತೇಳನೇ ದಿನ, ಮಧ್ಯಾಹ್ನ ಮೂರು ಗಂಟೆ ಎಂದು ಬರೆದುಕೊಟ್ಟರು. ಕಾವಿನ ಏಳನೇ ದಿನವೂ ಅದೇ. ಬೆಳಕಿಗೆ ಹಿಡಿದರೆ ಮೊಟ್ಟೆ ಬಾಯಿ ಬಿಡುವ ದಿನ.

ಆ ದಿನ ಬೆಳಗ್ಗೆ ಎದ್ದು ನೋಡಿದರೆ ಬೀದಿಯ ಎರಡೂ ತುದಿಗೆ ಹಲಗೆ ನೆಟ್ಟಿತ್ತು. ಪರಿಶೀಲನೆಯ ನಿಮಿತ್ತ ಭಾರಿ ವಾಹನಗಳು ಸುತ್ತು ದಾರಿಯಲ್ಲಿ ಹೋಗತಕ್ಕದ್ದು. ನಿಲ್ಲಿಸಿದ್ದು ಗುತ್ತಿಗೆದಾರನ ಮೇಸ್ತ್ರಿ. ನಾವು ಮಾಡಿದ್ದನ್ನೇ ನೋಡಿ ಕಲಿತಿದ್ದ.

ರಸ್ತೆ ಮಲಗಿದ ಮಗುವಿನಂತೆ ಇತ್ತು. ಕಾವಕ್ಕ ಗಂಡನ ಎದುರು ನಿಂತಳು. ಲಾರಿ ಹಿಂದಿನ ಮೈದಾನದಲ್ಲಿತ್ತು, ಜಲ್ಲಿ ತುಂಬಿಕೊಂಡು.

"ರೀ, ಮೂರೂ ಕಾಲಿಗೆ ನೀವು ಬರ್ಬೇಕು. ಬೇರೆಯವರು ದಿನಾ ಬರೋ ವೇಗದಲ್ಲೇ. ಆ ಹಲಗೆ ಪಕ್ಕಕ್ಕೆ ಸರಿಸಿಕೊಂಡು."

ಗಂಡ ಕಡಿಮೆ ಮಾತಿನವನು. ಆ ತಗ್ಗನ್ನು ಅವನಷ್ಟು ಬಲ್ಲವರಿಲ್ಲ. ತನ್ನ ಮನೆಯ ಮುಂದೆ ಬಂದಾಗಲೆಲ್ಲ ಗೇರು ಇಳಿಸಿ, ಬೆಕ್ಕು ನಡೆದಂತೆ ಲಾರಿ ದಾಟಿಸುತ್ತಿದ್ದ ಒಬ್ಬನೇ ಚಾಲಕ ಅವನು.

"ತಲೆ ಕೆಟ್ಟಿದೆಯೇನೇ? ಆ ಗೋಡೆ ಈಗಲೋ ಆಗಲೋ ಅಂತಿದೆ. ಒಳಗೆ ಅಮ್ಮ ಇರ್ತಾಳೆ."

"ಅತ್ತೇನ ಹೊರಗೆ ಕೂರಿಸ್ತೀನಿ."

"ನೀನು?"

"ನಾನು ಒಳಗಿರ್ಬೇಕು. ಮೊಟ್ಟೆ ತೋರಿಸೋರು ಯಾರು?"

"ಗೋಡೆ ಬಿದ್ರೆ?"

"ಬಿದ್ರೆ ಮೂರು ದಿನ ಮುಂಚೆ ಬಿದ್ದಂಗಾಗುತ್ತೆ. ದಿನಾ ತೊಂಬತ್ತು ಜನ ಬಂದು ನನ್ನ ಮನೆ ಕೆಡವ್ತಾ ಇದಾರೆ, ಯಾರೂ ನೋಡ್ತಿಲ್ಲ. ನೀವು ಒಂದ್ಸಲ ಕೆಡವಿ, ಸಾಹೇಬ್ರು ನೋಡ್ಲಿ."

ಅವನು ಬೀಡಿ ಹಚ್ಚಿದ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಮೈದಾನದ ಕಡೆ ಹೋದ.

ಮೂರು ಗಂಟೆಗೆ ಇಂಜಿನಿಯರ್ ಬಂದರು. ಈ ಸಲ ರಸ್ತೆಯಲ್ಲಿ ಒಬ್ಬರೂ ಕೂತಿರಲಿಲ್ಲ. ನಾವು ನಾಲ್ಕು ಜನ ಗೋಡೆಯಿಂದ ದೂರ, ಕೋಣೆಯ ಮೂಲೆಯಲ್ಲಿ, ಶಾಲೆಯಲ್ಲಿ ಶಿಕ್ಷೆಗೆ ನಿಂತವರಂತೆ ನಿಂತಿದ್ದೆವು. ಅತ್ತೆ ಹೊರಗೆ ಹೋಗಲು ಖಡಾಖಂಡಿತ ಒಪ್ಪಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತರು. "ನಾನು ಎದ್ದು ಹೋದ್ರೆ ಎಷ್ಟು ಚಕ್ರದ್ದು ಅಂತ ಈ ಮಹಾರಾಯರಿಗೆ ಹೇಳೋರು ಯಾರು?" ಕಾವಕ್ಕ ಎಳೆದಾಡಿ ಸೋತಳು. ಯಂತ್ರ ನೆಲದ ಮೇಲೆ ಕೂತಿತು. ಮುಳ್ಳು ಸತ್ತಂತೆ ಬಿದ್ದಿತ್ತು.

ಕಾವಕ್ಕ ಕಿಟಕಿಗೆ ಕಂಬಳಿ ಹಾಕಿ ಕೋಣೆ ಕತ್ತಲು ಮಾಡಿದಳು. ತೂತು ಮಾಡಿದ ರಟ್ಟಿನ ಹಿಂದೆ ಬಲ್ಬು ಹಚ್ಚಿ ಇಸ್ತ್ರಿಯವಳ ಮನೆಯಿಂದ ತಂದಿದ್ದ ಮೊದಲ ಮೊಟ್ಟೆ ಹಿಡಿದಳು. ಇಡೀ ಮೊಟ್ಟೆ ಕೆಂಡದಂತೆ ಹೊಳೆಯಿತು. ಒಳಗೆ ಬೇರು ಬಿಟ್ಟಂತೆ ಕೆಂಪು ನಾಳ, ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಮಿಸುಕಿತು.

"ಇದು ಬದುಕಿದೆ."

ರಸ್ತೆ ಬದಿಯ ಪೆಟ್ಟಿಗೆಯಿಂದ ಒಂದು ತೆಗೆದು ಹಿಡಿದಳು. ಕೆಂಪು ಉಂಗುರ, ಮತ್ತೇನೂ ಇಲ್ಲ. "ಇದು ಸತ್ತಿದೆ."

ಹೀಗೇ ಇನ್ನೂರನ್ನೂ ಬೆಳಗ್ಗೆಯೇ ನೋಡಿ ಬೇರೆ ಮಾಡಿದ್ದಳು. ಒಳಬೀದಿಯ ನೂರರಲ್ಲಿ ಎಂಬತ್ತೆಂಟು ಬದುಕಿದ್ದವು. ರಸ್ತೆ ಬದಿಯ ನೂರರಲ್ಲಿ ನಲವತ್ತನಾಲ್ಕು. "ಒಂದೇ ಕೋಳಿ, ಒಂದೇ ದಿನ, ಒಂದೇ ಕೈ ಸಾಹೇಬ್ರೇ. ಬೇರೆ ಇದ್ದಿದ್ದು ಒಂದೇ, ಗೋಡೆ ಆಚೆಗಿನ ರಸ್ತೆ. ಯಾವುದನ್ನಾದ್ರೂ ನೀವೇ ತೆಗೆದು ಹಿಡೀರಿ."

ಇಂಜಿನಿಯರ್ ಎರಡು ಹಿಡಿದು ನೋಡಿದರು, ಮೂರು ಹಿಡಿದು ನೋಡಿದರು. ಆಮೇಲೆ ಯಂತ್ರದ ಕಡೆ ನೋಡಿ ತಲೆ ಅಲ್ಲಾಡಿಸಿದರು. "ನೀನು ಹೇಳೋದು ಸರಿ ಇರಬಹುದಮ್ಮಾ. ಆದ್ರೆ ನಾನು ಮೊಟ್ಟೆ ನೋಡಿ ವರದಿ ಬರೆಯೋಕಾಗಲ್ಲ. ಯಂತ್ರ ಏನು ತೋರಿಸುತ್ತೋ ಅದು."

ಮೂರೂ ಕಾಲಾಯಿತು. ಲಾರಿ ಬರಲಿಲ್ಲ. ಮೂರು ಇಪ್ಪತ್ತು. ಇಂಜಿನಿಯರ್ ಗಡಿಯಾರ ನೋಡಿದರು. ಕಾವಕ್ಕ ಅವರ ಕೈಗೆ ಇನ್ನೊಂದು ಮೊಟ್ಟೆ ಕೊಟ್ಟಳು, ಬದುಕಿದ್ದನ್ನು.

"ಬಂತು," ಎಂದರು ಅತ್ತೆ.

ನಮಗೆ ಯಾರಿಗೂ ಏನೂ ಕೇಳಿಸಿರಲಿಲ್ಲ. "ಹತ್ತು ಚಕ್ರದ್ದು. ತುಂಬಿದೆ," ಎಂದು ಕಣ್ಣು ಮುಚ್ಚಿಕೊಂಡರು. ಆಮೇಲೆ ಕೇಳಿತು. ದೂರದಲ್ಲಿ ಹಲಗೆ ಬಿದ್ದ ಸದ್ದು, ಮೇಸ್ತ್ರಿಯ ಕೂಗು, ಗೇರು ಏರಿದ ಸದ್ದು. ಬೇರೆ ಚಾಲಕರೆಲ್ಲ ಬರುವ ವೇಗ ಅದು. ಕಾವಕ್ಕ ಹೋಗಿ ಅತ್ತೆಯ ತಲೆಯ ಮೇಲೆ ಬಾಗಿ, ಎರಡೂ ಅಂಗೈಯನ್ನು ಗೋಡೆಗೆ ಒತ್ತಿ ನಿಂತಳು.

ಮುಂದಿನ ಚಕ್ರ ಬಿತ್ತು. ನೆಲ ಪಾದಕ್ಕೆ ಹೊಡೆಯಿತು. ಹಿಂದಿನದು ಬಿತ್ತು. ಧಡಾರ್ ಎಂದ ಸರಪಳಿಯ ಸದ್ದಿನ ಒಳಗೇ ಗೋಡೆಯಿಂದ ತಟ್ಟೆಯಗಲ ಗಾರೆ ಕಳಚಿ ಅತ್ತೆಯ ಕಾಲ ಬಳಿ ಬಿತ್ತು. ಬಿರುಕಿನಿಂದ ಮಣ್ಣು ಸುರಿಯಿತು, ಸುರಿಯುತ್ತಲೇ ಇತ್ತು. ಧೂಳಿನಲ್ಲಿ ಬಲ್ಬು ಕೆಂಪಾಗಿ ತೂಗಾಡಿತು. ಮುಳ್ಳು ಕೆಂಪು ಗೆರೆ ದಾಟಿ ಕೊನೆಗೆ ಬಡಿದು ಹಿಂದಕ್ಕೆ ಬಂತು. ಗೋಡೆ ನಿಂತಿತು.

ಇಂಜಿನಿಯರ್ ಮೊಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಯಾವಾಗ ಕೂತರೋ ಅವರಿಗೂ ಗೊತ್ತಿರಲಿಲ್ಲ.

"ಸಾಕಾ ಸಾಹೇಬ್ರೇ? ಇನ್ನೊಂದ್ಸಲ ಕರೀಲಾ?" ಕಾವಕ್ಕ ಗೋಡೆಯಿಂದ ಕೈ ತೆಗೆದಿರಲಿಲ್ಲ.

"ಬೇಡಮ್ಮಾ. ಸಾಕು."

"ಹಂಗಾದ್ರೆ ಆ ಮೊಟ್ಟೆ ಕೊಡಿ ಇಲ್ಲಿ. ಬೆವರಾಗಿದೆ ನಿಮ್ಮ ಕೈ."

ಅತ್ತೆ ಕಣ್ಣು ಬಿಟ್ಟು, "ನಮ್ಮವನೇ ಓಡಿಸಿದ್ದು. ಹಾಳಾದವನು," ಎಂದರು. ಗಂಡ ಬೀದಿಯ ತುದಿಯಲ್ಲಿ ಲಾರಿ ನಿಲ್ಲಿಸಿ, ಮನೆಯ ಕಡೆ ನೋಡಲಾರದೆ ಸ್ಟೀರಿಂಗಿಗೆ ಹಣೆ ಇಟ್ಟು ಕೂತಿದ್ದ. ಗೋಡೆ ಇದೆ ಎಂದು ನಾವು ಹೋಗಿ ಹೇಳಬೇಕಾಯಿತು. ಇಂಜಿನಿಯರ್ ಹಿಡಿದಿದ್ದ ಆ ಮೊಟ್ಟೆ ಬದುಕಿತಾ ಎಂದು ಮುಂದೊಂದು ದಿನ ಕೇಳಿದ್ದಕ್ಕೆ ಕಾವಕ್ಕ, "ನೂರರಲ್ಲಿ ಅದ್ಯಾವುದು ಅಂತ ನೆನಪಿಟ್ಕೊಳ್ಳಲಿ? ಹೆಸರಿಟ್ಟಿರ್ಲಿಲ್ಲ," ಎಂದಳು.

ಈಗ ಎಲ್ಲಿಗೆ ಬಂದಿದೆ ಹೇಳುತ್ತೇನೆ. ಮನೆ ಕೆಡವುವ ನೋಟೀಸಿಗೆ ತೊಂಬತ್ತು ದಿನ ತಡೆ ಸಿಕ್ಕಿದೆ. ಯಂತ್ರದ ಲೆಕ್ಕ ವರದಿಯಲ್ಲಿ ಸೇರಿದೆ. ಇಂಜಿನಿಯರ್ ಮಾತಿಗೆ ತಪ್ಪಲಿಲ್ಲ. ಆದರೆ ಮೇಲಿನವರು ಇನ್ನೊಂದು ಗಂಟು ಹಾಕಿದ್ದಾರೆ. ಒಂದು ಮನೆ ಅದುರಿದರೆ ಅದು ಆ ಮನೆಯ ದೋಷವೂ ಇರಬಹುದು. ಕಾಲುವೆ ತೆಗೆಸಿ ಮತ್ತೆ ದಮ್ಮಸ್ಸು ಮಾಡಿಸಬೇಕಾದರೆ ಸಾಲಿನ ಮೂವತ್ತೊಂದು ಮನೆಯಲ್ಲಿ ಇಪ್ಪತ್ತೊಂದು ಮನೆಯವರು ತಮ್ಮ ಗೋಡೆಯೂ ಬಿರಿದಿದೆ ಎಂದು ಬರೆದು ಸಹಿ ಹಾಕಬೇಕು. ಇಲ್ಲವಾದರೆ ತೊಂಬತ್ತೊಂದನೇ ದಿನ ಬುಲ್ಡೋಜರ್ ಬರುತ್ತದೆ, ಕಾವಕ್ಕನ ಮನೆಗೆ ಮಾತ್ರ.

ಐವತ್ತೆಂಟು ದಿನ ಹೋಗಿವೆ. ಒಂಬತ್ತು ಸಹಿ ಬಂದಿವೆ. ದರ್ಜಿಯ ಹೆಂಡತಿಯದು ಒಂಬತ್ತನೆಯದು. ಗಂಡ ಮನೆಯಲ್ಲಿ ಇಲ್ಲದಾಗ ಬಂದು ಹಾಕಿ ಹೋದಳು. ಕಾವಕ್ಕ ಈಗ ಒಂದೇ ಪೆಟ್ಟಿಗೆಗೆ ಮೊಟ್ಟೆ ಇಡುತ್ತಾಳೆ. ಟ್ರಕ್ಕಿನ ಹಳೇ ಟ್ಯೂಬಿಗೆ ಗಾಳಿ ತುಂಬಿ ಅದರ ಮೇಲೆ ಪೆಟ್ಟಿಗೆ ಕೂರಿಸಿದ್ದಾಳೆ. ನೂರಕ್ಕೆ ಐವತ್ತೆಂಟು ಬರುತ್ತಿದೆ. ಗೋಡೆಗೆ ಮಾತ್ರ ಟ್ಯೂಬು ಇಡಲು ಆಗುವುದಿಲ್ಲ.

ಸಹಿ ಹಾಕದ ಇಪ್ಪತ್ತೆರಡು ಮನೆಯವರಿಗೆ ಹೆದರಿಕೆ ಯಾಕೆಂದು ನಮಗೆ ಗೊತ್ತು. ಒಂದು ಮನೆ ಬಾಯಿ ಬಿಟ್ಟರೆ ಅದಕ್ಕೆ ನೋಟೀಸು. ಇಪ್ಪತ್ತೊಂದು ಬಿಟ್ಟರೆ ರಸ್ತೆಗೆ ನೋಟೀಸು. ಇದರಲ್ಲಿ ತಿಳಿಯದ್ದು ಏನೂ ಇಲ್ಲ. ಬಂದು ಕೂರಿ ಎಂದು ನಾವು ನಿಮ್ಮನ್ನು ಕರೆಯುತ್ತಿಲ್ಲ. ಕೂತು ನೋಡಿಯಾಗಿದೆ, ಆ ಸಾಲ ಇನ್ನೂ ತೀರಿಲ್ಲ.

ಇದನ್ನು ಓದುತ್ತಿರುವ ನೀವು ಆ ಬೀದಿಯವರೇ ಆಗಿರಬಹುದು, ಬೇರೆ ಬೀದಿಯವರೂ ಆಗಿರಬಹುದು. ತೇಪೆ ಹಾಕಿದ ರಸ್ತೆ ನಿಮ್ಮ ಮನೆ ಮುಂದೆಯೂ ಇದೆ. ಈ ಹಾಳೆ ಕೆಳಗಿಡಿ. ಎದ್ದು ಹೋಗಿ ನಿಮ್ಮ ಮನೆಯ ಗೋಡೆಯಲ್ಲಿ ಎತ್ತರ ತಪ್ಪಿ ನೇತಾಡುತ್ತಿರುವ ಕ್ಯಾಲೆಂಡರನ್ನು ತೆಗೆಯಿರಿ. ಹಿಂದೆ ಇರುವ ಬಿರುಕನ್ನು ಅಳೆದು, ತಾರೀಕು ಹಾಕಿ, ಕೆಳಗೆ ನಿಮ್ಮ ಹೆಸರು ಬರೆದು, ಇವತ್ತೇ ಕಚೇರಿಗೆ ಕೊಡಿ.